ಹಗುರ ಲೆನ್ಸಿನ ಗಟ್ಟಿತನ

ಕಳೆದ ಚಳಿಗಾಲದಲ್ಲಿ ಕೆರೆ ಏರಿಯ ಮೇಲೆ ನಿಂತು ಕ್ಯಾಮೆರಾಕ್ಕೆ ಹಾಕಲೆಂದು ಚೀಲದಿಂದ ತೆಗೆದ, ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 500 ಮಿ.ಮೀ. ಟೆಲಿಫೋಟೊ ಲೆನ್ಸು ಕೈಜಾರಿತು. ಸೊಂಟದೆತ್ತರದಿಂದ ನೇರ ಕಲ್ಲು ಚಪ್ಪಡಿಯ ಮೇಲೆ, ಮೂತಿ ಕೆಳಗಾಗಿ. ಪಟ್ ಎಂದು ತೆಂಗಿನ ಚಿಪ್ಪು ಒಡೆದಂಥ ಸದ್ದು. ಎತ್ತಿಕೊಂಡು ನೋಡಿದರೆ ಬಿಸಿಲು ತಡೆಯಲು ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹುಡ್ ಎರಡು ಹೋಳಾಗಿತ್ತು, ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಜೊತೆಗಿದ್ದವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ಮೂರು ಕಿಲೋ ತೂಗುವ ಹಳೆಯ ಟೆಲಿಫೋಟೊ ಲೆನ್ಸನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿಕೊಂಡು ಕೂತಿದ್ದರು. ‘ಹಗುರದ್ದು ನೋಡು, ಅದಕ್ಕೇ ಹೀಗೆ’ ಎಂದರು. ಅವರ ಮಾತು ನಿಜವೋ ಅಲ್ಲವೋ ಎಂಬುದು ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಲೇ ಇದೆ.

ತೂಕಕ್ಕೆ ಮರ್ಯಾದೆ ಕೊಡುವುದು ನಮ್ಮ ಭಾಷೆಯಲ್ಲೇ ಇದೆ. ಒಳ್ಳೆಯ ಮಾತಿಗೆ ‘ತೂಕದ ಮಾತು’ ಎನ್ನುತ್ತೇವೆ, ಯಾರನ್ನಾದರೂ ಕಡೆಗಣಿಸಿದರೆ ‘ಹಗುರವಾಗಿ ಕಂಡರು’ ಎನ್ನುತ್ತೇವೆ. ಪಾತ್ರೆ ಅಂಗಡಿಯಲ್ಲಿ ಬೋಗುಣಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡದೆ ಅಮ್ಮ ಯಾವತ್ತೂ ಕೊಂಡವಳಲ್ಲ. ಪಾತ್ರೆಗೆ ಈ ಪರೀಕ್ಷೆ ಸರಿ, ದಪ್ಪ ತಳ ಬೇಗ ಸೀಯುವುದಿಲ್ಲ. ಲೆನ್ಸಿನ ವಿಷಯಕ್ಕೆ ಬಂದರೆ ಅದೇ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಬಿದ್ದದ್ದನ್ನೇ ಲೆಕ್ಕ ಹಾಕೋಣ. ಒಂದೂವರೆ ಕಿಲೋ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿ ಸುಮಾರು 15 ಜೂಲ್. ಮೂರು ಕಿಲೋದ್ದಾದರೆ 30. ಬಿದ್ದಷ್ಟೂ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು: ಲೋಹ ಬಗ್ಗಿ, ಪ್ಲಾಸ್ಟಿಕ್ ಸೀಳಿ, ಗಾಜು ಒಡೆದು. ಹಗುರವಾದದ್ದು ತನ್ನ ಮೇಲೆ ತಾನೇ ತಂದುಕೊಳ್ಳುವ ಪೆಟ್ಟು ಅರ್ಧ ಮಾತ್ರ. ಇರುವೆ ಅಟ್ಟದಿಂದ ಬಿದ್ದು ನಡೆದುಕೊಂಡು ಹೋಗುತ್ತದೆ, ಆಕಳು ಒಂದು ಕಲ್ಲಿನ ಮೆಟ್ಟಿಲಿನಿಂದ ಜಾರಿದರೂ ಕಾಲು ಮುರಿದುಕೊಳ್ಳಬಹುದು.

ಇನ್ನೊಂದು ಸಂಗತಿ ಇದಕ್ಕಿಂತಲೂ ದೊಡ್ಡದು. ಬಿದ್ದ ವಸ್ತು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದು. ಗಟ್ಟಿ ಲೋಹದ ಅಂಚು ಕಲ್ಲಿಗೆ ಬಡಿದು ಒಂದು ಮಿಲಿಮೀಟರಿನೊಳಗೆ ನಿಂತರೆ, ಒಳಗಿನ ಪ್ರತಿ ಗಾಜಿನ ಬಿಲ್ಲೆಯ ಮೇಲೂ ಅದರ ತೂಕದ ಸಾವಿರ ಪಟ್ಟು ಬಲ ಬೀಳುತ್ತದೆ. ಪ್ಲಾಸ್ಟಿಕ್ ಹುಡ್ ಕುಗ್ಗಿ, ಸೀಳಿ ಎರಡು ಸೆಂಟಿಮೀಟರ್ ಜಾಗ ಬಿಟ್ಟುಕೊಟ್ಟರೆ ಅದು ಐವತ್ತು ಪಟ್ಟಿಗೆ ಇಳಿಯುತ್ತದೆ. ನನ್ನ ಹುಡ್ ಮಾಡಿದ್ದು ಇದನ್ನೇ. ಹುಡ್ ಇರುವುದು ಬಿಸಿಲು ತಡೆಯಲು ಎಂದುಕೊಂಡು ಅದನ್ನು ಮನೆಯಲ್ಲಿ ಬಿಟ್ಟುಬರುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟಕ್ಕೂ ಲೆನ್ಸು ಹಗುರವಾದದ್ದು ಹೇಗೆ? ಮೊದಲ ಉತ್ತರ ಸರಳ: ಬಾಯಿ ಕಿರಿದು ಮಾಡಿದರು. 500 ಮಿ.ಮೀ. ಎನ್ನುವುದು ಲೆನ್ಸಿನ ಸಂಗಮದೂರ (ಫೋಕಲ್ ಲೆಂತ್), ಅದರ ಮೈಯುದ್ದವಲ್ಲ. ಅದನ್ನು ಎಫ್ ಮುಂದಿನ ಅಂಕಿಯಿಂದ ಭಾಗಿಸಿದರೆ ಬೆಳಕಿನ ದಾರಿಯ ಅಗಲ ಸಿಗುತ್ತದೆ. ಎಫ್/4 ಆಗಿದ್ದರೆ ಬೆಳಕು ಒಳಬರುವ ದಾರಿ 125 ಮಿ.ಮೀ. ಅಗಲ ಬೇಕು, ಎಫ್/5.6 ಆದರೆ 89 ಸಾಕು. ಬೆಳಕು ಅರ್ಧವಾಗುತ್ತದೆ. ಗಾಜಿನ ಗಾತ್ರ ಮಾತ್ರ ಅಗಲ, ಎತ್ತರ, ದಪ್ಪ ಮೂರರಲ್ಲೂ ಕುಗ್ಗುವುದರಿಂದ ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯ ಉತ್ತರ ನನಗೆ ಬಹಳ ಇಷ್ಟವಾದದ್ದು, ಅದಕ್ಕೆ ಇನ್ನೂರು ವರ್ಷದ ಹಿಂದೆ ಹೋಗಬೇಕು. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪದಲ್ಲಿ ಅದು ನೆಟ್ಟಗೆ ಸಾಗುತ್ತದೆ. ಹಾಗಿದ್ದಮೇಲೆ ಆ ದಪ್ಪ ಯಾಕೆ ಬೇಕು? ಮೇಲ್ಮೈಯ ಇಳಿಜಾರನ್ನಷ್ಟೇ ಉಳಿಸಿಕೊಂಡು, ಒಳಗಿನ ಗಾಜನ್ನು ತೆಗೆದು, ಬಳೆಯೊಳಗೆ ಬಳೆ ಇಟ್ಟಂತೆ ಜೋಡಿಸಿದವನು ಫ್ರಾನ್ಸಿನ ಭೌತವಿಜ್ಞಾನಿ ಆಗಸ್ಟಿನ್ ಫ್ರೆನೆಲ್. 1823ರಲ್ಲಿ ಅವನ ಲೆನ್ಸು ಅದೇ ದೇಶದ ಕೊರ್ದುವಾನ್ ದೀಪಸ್ತಂಭದಲ್ಲಿ ಉರಿಯಿತು. ಸಮುದ್ರದ ಮೇಲೆ ಮೈಲಿಗಟ್ಟಲೆ ಬೆಳಕು ಚೆಲ್ಲಲು ಅದು ಸಾಕಿತ್ತು, ಹಕ್ಕಿಯ ಗರಿಯ ಗೆರೆ ಗೆರೆ ತೋರಿಸಲು ಸಾಲದು. ಕ್ಯಾಮೆರಾಕ್ಕೆ ತಕ್ಕ ರೂಪ ಬರಲು ಹೊಸ ಶತಮಾನವೇ ಬೇಕಾಯಿತು.

ಈಗಿನ ಕೆಲವು ಟೆಲಿಫೋಟೊಗಳಲ್ಲಿ ಆ ಬಳೆಗಳ ಮೆಟ್ಟಿಲು ಕೂದಲೆಳೆಯ ದಪ್ಪಕ್ಕಿಂತಲೂ ತಗ್ಗು. ಅಷ್ಟು ಸಣ್ಣದಾದಾಗ ಬೆಳಕು ಬಾಗುವ ರೀತಿಯೇ ಬೇರೆಯಾಗುತ್ತದೆ. ಸಾಮಾನ್ಯ ಗಾಜು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಬಾಗಿಸುತ್ತದೆ. ಸಿ.ಡಿ.ಯ ಹಿಂಬದಿಯಲ್ಲಿ ಕಾಮನಬಿಲ್ಲು ಮೂಡಿಸುವಂಥ ಸಣ್ಣ ಗೆರೆಗಳು ತದ್ವಿರುದ್ಧ, ಕೆಂಪನ್ನೇ ಹೆಚ್ಚು ಬಾಗಿಸುತ್ತವೆ. ಎರಡನ್ನೂ ಅಂಟಿಸಿದರೆ ಒಂದರ ಬಣ್ಣದ ತಪ್ಪನ್ನು ಇನ್ನೊಂದು ತಿದ್ದುತ್ತದೆ, ಆ ಕೆಲಸಕ್ಕೆಂದೇ ಹಾಕುತ್ತಿದ್ದ ಭಾರದ ಬಿಲ್ಲೆಗಳನ್ನು ಕಡಿಮೆ ಮಾಡಬಹುದು. ಕ್ಯಾನನ್ ಕಂಪನಿಯ 400 ಮಿ.ಮೀ. ಡಿಓ (ಡಿಫ್ರಾಕ್ಟಿವ್ ಆಪ್ಟಿಕ್ಸ್) ಲೆನ್ಸು 2001ರಲ್ಲಿ ಈ ದಾರಿ ತೆರೆಯಿತು. ನಿಕಾನ್ 2015ರಲ್ಲಿ ತಂದ 300 ಮಿ.ಮೀ. ಪಿಎಫ್ (ಫೇಸ್ ಫ್ರೆನೆಲ್) ಲೆನ್ಸು 755 ಗ್ರಾಂ, ಅದೇ ಕಂಪನಿಯ ಹಿಂದಿನ 300ರ ಹೆಚ್ಚುಕಡಿಮೆ ಅರ್ಧ ತೂಕ. 2018ರ 500 ಮಿ.ಮೀ. ಪಿಎಫ್ ತೂಗುವುದು 1,460 ಗ್ರಾಂ, ಉದ್ದ 237 ಮಿ.ಮೀ. ಅದೇ ಕಂಪನಿಯ 500 ಮಿ.ಮೀ. ಎಫ್/4 ಲೆನ್ಸು 3,090 ಗ್ರಾಂ. ಆ ಬಳೆಗೆರೆಗಳು ಸವೆದುಹೋಗುತ್ತವೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಅವು ಲೆನ್ಸಿನ ಒಳಗಿವೆ, ನಾವು ಒರೆಸುವ ಬಟ್ಟೆ ಅವುಗಳ ಹತ್ತಿರಕ್ಕೂ ಹೋಗುವುದಿಲ್ಲ. ಅವುಗಳಿಗೆ ನಾವು ತೆರುವ ಬೆಲೆ ಬೇರೆ: ಚೌಕಟ್ಟಿನೊಳಗೆ ಪ್ರಖರ ದೀಪವಿದ್ದರೆ ಅದರ ಸುತ್ತ ಉಂಗುರದಂಥ ಬೆಳಕಿನ ಮಸುಕು.

ಮೂರನೆಯದು ಕೊಳವೆ. ‘ಪ್ಲಾಸ್ಟಿಕ್ಕಾ?’ ಎಂದು ಮೂಗು ಮುರಿಯುವವರು ತಮ್ಮ ಹೆಲ್ಮೆಟ್ಟನ್ನು ನೆನಪಿಸಿಕೊಳ್ಳಲಿ. ನಾವು ಹೆಲ್ಮೆಟ್ಟಿನ ‘ಗಾಜು’ ಎನ್ನುವುದು ಪಾಲಿಕಾರ್ಬೊನೇಟ್, ಲೆನ್ಸಿನ ಕೊಳವೆಗೂ ಬಳಸುವುದು ಸಾಮಾನ್ಯವಾಗಿ ಅದೇ ಜಾತಿ. ಅಂಗಳದಲ್ಲಿ ಎರಡು ಬೇಸಿಗೆ ಕಂಡು ಪುಡಿಪುಡಿಯಾಗುವ ಬಕೆಟ್ಟಿನ ಪ್ಲಾಸ್ಟಿಕ್ಕಿಗೂ ಇದಕ್ಕೂ ಹೋಲಿಕೆ ಸಲ್ಲದು. ಅಲ್ಯುಮಿನಿಯಂ ಪೆಟ್ಟು ತಿಂದರೆ ನೆಗ್ಗುತ್ತದೆ, ನೆಗ್ಗಿದ್ದು ನೆಗ್ಗಿಯೇ ಉಳಿಯುತ್ತದೆ, ಫೋಕಸ್ ಉಂಗುರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಲಿಕಾರ್ಬೊನೇಟ್ ಬಹುಮಟ್ಟಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಪೆಟ್ಟು ಮಿತಿ ಮೀರಿದರೆ ಸೀಳಬಹುದು.

ಅದರ ನಿಜವಾದ ದೌರ್ಬಲ್ಯ ಬಿಸಿಲು. ಬೇಸಿಗೆಯ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿ ಮುಟ್ಟುತ್ತದೆ. ಮೂವತ್ತು ಡಿಗ್ರಿ ಏರಿದರೆ 90 ಮಿ.ಮೀ. ಅಗಲದ ಗಾಜು ಹಿಗ್ಗುವುದು 0.02 ಮಿ.ಮೀ. ಅಷ್ಟೇ ಅಗಲದ ಬರಿ ಪಾಲಿಕಾರ್ಬೊನೇಟ್ ಉಂಗುರ ಹೆಚ್ಚುಕಡಿಮೆ 0.18 ಮಿ.ಮೀ. ಹಿಗ್ಗುತ್ತದೆ, ಎರಡರ ನಡುವೆ ಕೂದಲೆಳೆಗಿಂತ ದೊಡ್ಡ ಸಂದು ಬೀಳುತ್ತದೆ. ಬಿಲ್ಲೆ ಅಲ್ಲಾಡಲು ಅಷ್ಟು ಸಾಕು. ಆದ್ದರಿಂದ ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಬೆರೆಸುತ್ತಾರೆ. ಆಗ ಅದರ ಹಿಗ್ಗು ಅಲ್ಯುಮಿನಿಯಮ್ಮಿನ ಆಸುಪಾಸಿಗೆ ಇಳಿಯುತ್ತದೆ, ತೂಕ ಅದರ ಅರ್ಧವೇ ಉಳಿಯುತ್ತದೆ. ಹೀಗಿದ್ದೂ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಲೆನ್ಸು ಬಿಟ್ಟುಹೋಗುವುದನ್ನು ನಾನು ಒಪ್ಪಲಾರೆ. ಒಳಗಿನ ಗ್ರೀಸು ಕರಗಿ, ಬೆಳಕಿನ ದಾರಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರಿನ ಎಸಳುಗಳ ಮೇಲೆ ಹರಿದರೆ ಅದನ್ನು ಬಿಚ್ಚದೆ ಬೇರೆ ದಾರಿಯಿಲ್ಲ.

ಇಷ್ಟೆಲ್ಲ ವಸ್ತುವಿನ ಮಾತಾಯಿತು. ನನ್ನ ಅನುಭವದಲ್ಲಿ ಹಗುರ ಲೆನ್ಸು ಕೆಡುವುದಕ್ಕೆ ಹೆಚ್ಚಿನ ಪಾಲು ಕಾರಣ ಅದು ಬಾಳುವ ಬಾಳು. ಮೂರು ಕಿಲೋ ಲೆನ್ಸು ಮೆತ್ತೆ ಹಾಕಿದ ಪೆಟ್ಟಿಗೆಯಲ್ಲಿ ಮಲಗಿ, ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋಗಿ, ಟ್ರೈಪಾಡಿನ ಮೇಲೆ ಕೂತು ಮನೆಗೆ ಬರುತ್ತದೆ. ಒಂದೂವರೆ ಕಿಲೋದ್ದು ದಿನಾ ಬೆಳಿಗ್ಗೆ ಹೆಗಲಿಗೇರುತ್ತದೆ. ಗದ್ದೆ ಬದು, ಬೇಲಿ ಮುಳ್ಳು, ಹಿಟ್ಟಿನಂಥ ಕೆಮ್ಮಣ್ಣಿನ ಧೂಳು, ಸ್ಕೂಟರಿನ ಸೀಟಿನಡಿಯ ಡಿಕ್ಕಿ ಎಲ್ಲವನ್ನೂ ಕಾಣುತ್ತದೆ. ಕೈಗೆ ಸುಲಭವಾದದ್ದನ್ನು ಹೆಚ್ಚು ಬಳಸುತ್ತೇವೆ, ಹೆಚ್ಚು ಬಳಸಿದ್ದು ಹೆಚ್ಚು ಸವೆಯುತ್ತದೆ.

ಡಿಕ್ಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಲ್ಲಿ ರಸ್ತೆಯಲ್ಲಿ ಅರ್ಧ ಗಂಟೆ ಕುಲುಕಿದರೆ ಒಂದೇ ಒಂದು ದೊಡ್ಡ ಪೆಟ್ಟೂ ಬೀಳುವುದಿಲ್ಲ, ಆದರೆ ಸಾವಿರಾರು ಸಣ್ಣ ಪೆಟ್ಟು ಬೀಳುತ್ತವೆ. ಅಕ್ಕಿಕಾಳಿನಷ್ಟು ದೊಡ್ಡ ಸ್ಕ್ರೂಗಳು ಎಳೆಎಳೆಯಾಗಿ ಸಡಿಲವಾಗುತ್ತವೆ. ವರ್ಷಕ್ಕೊಮ್ಮೆ ಲೆನ್ಸಿನ ಹಿಂದೆ ಕ್ಯಾಮೆರಾಕ್ಕೆ ಕೂಡುವ ಲೋಹದ ಮೌಂಟನ್ನು ಹಿಡಿದು ಮೆಲ್ಲಗೆ ತಿರುಚಿ ನೋಡಿ. ಅಲ್ಲಿ ಅಲುಗಾಟವಿದ್ದರೆ ತಡಮಾಡದೆ ರಿಪೇರಿಯವರಿಗೆ ಕೊಡಿ. ನಡುಗು ತಡೆಯುವ ಬಿಲ್ಲೆ ಇನ್ನೂ ನಾಜೂಕು. ನಮ್ಮ ಕೈ ನಡುಗಿದ ದಿಕ್ಕಿಗೆ ಎದುರಾಗಿ ಓಡಾಡಲೆಂದು ಅದನ್ನು ಆಯಸ್ಕಾಂತದ ನಡುವೆ ತೂಗುಬಿಟ್ಟಿರುತ್ತಾರೆ. ಅನೇಕ ಲೆನ್ಸುಗಳಲ್ಲಿ ಕ್ಯಾಮೆರಾ ಆರಿಸಿದ ಮೇಲೆ ಅದು ತನ್ನ ಜಾಗದಲ್ಲಿ ಬೀಗ ಹಾಕಿಕೊಳ್ಳುತ್ತದೆ. ಆರಿಸದೆ ಲೆನ್ಸು ಬಿಚ್ಚಿದರೆ ಬೀಗ ಬೀಳದೆ ಒಳಗೆ ಟಕಟಕ ಎನ್ನುತ್ತಿರುತ್ತದೆ. ಮೊದಲು ಆರಿಸಿ, ಒಂದು ಉಸಿರು ಕಾದು, ಆಮೇಲೆ ಬಿಚ್ಚುವುದು ನನಗೆ ಈಗ ಮನೆ ಬಾಗಿಲು ಹಾಕಿದಷ್ಟೇ ಅಭ್ಯಾಸ. ಉದ್ದವಾಗುವ ಜೂಮ್ ಲೆನ್ಸಿನ ಕಥೆ ಬೇರೆ: ಅದು ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಗೆಳೆದು ಹೊರಬಿಡುತ್ತದೆ, ಗಾಳಿಯ ಜೊತೆ ಧೂಳೂ ಬರುತ್ತದೆ. ನಾಲ್ಕು ಚುಕ್ಕಿ ಧೂಳು ಕಂಡು ಗಾಬರಿಯಾಗಬೇಡಿ, ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ಇನ್ನು ಮಳೆ. ‘ಮಳೆ ತಡೆಯುತ್ತದೆ’ ಎಂದು ಡಬ್ಬಿಯ ಮೇಲೆ ಬರೆದದ್ದಕ್ಕೆ ಸಾಮಾನ್ಯವಾಗಿ ಅಳತೆಗೋಲು ಇರುವುದಿಲ್ಲ. ಓಎಂ ಸಿಸ್ಟಮ್‌ನಂಥ ಕ್ಯಾಮೆರಾ ಕಂಪನಿಯವರು ಕೆಲವು ಲೆನ್ಸುಗಳಿಗೆ, ಧೂಳು ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ53 ಎಂಬ ಅಂಕ ಕೊಡುತ್ತಾರೆ. ಕೊನೆಯ 3 ಎಂದರೆ ನೆತ್ತಿಯಿಂದ 60 ಡಿಗ್ರಿಯವರೆಗೆ ಓರೆಯಾಗಿ ಬೀಳುವ ಹನಿಯನ್ನು ತಡೆಯುತ್ತದೆ ಎಂದು, ಕೆರೆಗೆ ಅದ್ದಬಹುದು ಎಂದಲ್ಲ. ಮೌಂಟಿನ ಸುತ್ತ ಇರುವ ರಬ್ಬರಿನ ಬಳೆ ಹೋಗಿದ್ದರೆ ಆ ಭರವಸೆಯೂ ಇಲ್ಲ.

ಮಲೆನಾಡಿನಲ್ಲಿ ಲೆನ್ಸಿನ ದೊಡ್ಡ ವೈರಿ ಮಳೆಯ ಹನಿಗಿಂತ ಹೆಚ್ಚಾಗಿ ಮಳೆಗಾಲದ ಗಾಳಿ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಕಡೆ ಚರ್ಮದ ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವುದು ಎಲ್ಲರೂ ಕಂಡದ್ದೇ. ಅದೇ ಬೂಷ್ಟು ಗಾಜಿನ ಮೇಲೂ ಬೆಳೆಯುತ್ತದೆ. ಬೀಜಕಣಗಳು ಮೊದಲೇ ಒಳಗಿರುತ್ತವೆ, ತೇವ 70 ಪ್ರತಿಶತ ದಾಟಿ ಗಾಳಿಯಾಡದೆ ಇದ್ದರೆ ಮೊಳೆಯುತ್ತವೆ. ಧೂಳು, ಬೆರಳಿನ ಜಿಡ್ಡು ಅವಕ್ಕೆ ಊಟ. ಅವು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಬಿಸಿಲಿಗಿಟ್ಟರೆ ಬೂಷ್ಟು ಸತ್ತೀತು, ತಿಂದ ಗುರುತು ಹೋಗುವುದಿಲ್ಲ. ಚರ್ಮದ ಚೀಲದಲ್ಲಿ ಬೀಗ ಹಾಕಿಟ್ಟ ಭಾರೀ ಲೋಹದ ಲೆನ್ಸು ಒಂದೇ ಮಳೆಗಾಲದಲ್ಲಿ ಕುರುಡಾದದ್ದನ್ನು ಕಂಡಿದ್ದೇನೆ. ದಿನಾ ಗಾಳಿ ಬೆಳಕು ಕಾಣುತ್ತಿದ್ದ ನನ್ನ ಹಗುರ ಲೆನ್ಸಿಗೆ ಅದೇ ಊರಿನಲ್ಲಿ ಏನೂ ಆಗಲಿಲ್ಲ.

ನಮ್ಮಲ್ಲಿ ಮಳೆಗಾಲಕ್ಕೆ ಏನನ್ನೇ ಕಾಪಾಡಬೇಕಿದ್ದರೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ರೂಢಿ. ಲೆನ್ಸಿಗೆ ಅದು ಬೇಡ, ಹೊಗೆಯ ಜಿಡ್ಡು ಕೂರುತ್ತದೆ. ಅಕ್ಕಿ ಡಬ್ಬದಲ್ಲಿ ಹುದುಗಿಸುವುದೂ ಬೇಡ, ಅಕ್ಕಿಯ ಹಿಟ್ಟು ಬೂಷ್ಟಿಗೆ ಹಬ್ಬದೂಟ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದು ಬೊಗಸೆ ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರು ಸಾಕು. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. ಸಿಲಿಕಾ ಬಣ್ಣ ಬದಲಿಸಿದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ತೇವ ಓಡಿಸಿ, ಆರಿದ ಮೇಲೆ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಕರಾವಳಿಯವರು ಇನ್ನೊಂದು ಕೆಲಸ ಮಾಡಬೇಕು: ಕಡಲ ತೀರದಿಂದ ಬಂದ ದಿನವೇ ಒದ್ದೆ ಬಟ್ಟೆಯಿಂದ ಕೊಳವೆ ಒರೆಸಿ ಒಣಗಿಸಬೇಕು. ಹಗುರ ಲೆನ್ಸುಗಳಲ್ಲಿ ಬಳಸುವ ಮೆಗ್ನೀಸಿಯಂ ಮಿಶ್ರಲೋಹ ಉಪ್ಪಿಗೆ ಬಹಳ ಬೇಗ ಸೋಲುತ್ತದೆ, ಬಣ್ಣ ಕಿತ್ತ ಕಡೆ ಉಕ್ಕಿನ ಸ್ಕ್ರೂ ಪಕ್ಕದಲ್ಲಿದ್ದರಂತೂ ಇನ್ನೂ ಬೇಗ.

ಬಿದ್ದ ಲೆನ್ಸಿಗೆ ಮರಳುತ್ತೇನೆ. ಹುಡ್ ಬದಲಿಸಿ ಎರಡು ವಾರ ನೆಮ್ಮದಿಯಾಗಿ ಚಿತ್ರ ತೆಗೆದೆ. ಒಂದು ದಿನ ಚೌಕಟ್ಟಿನ ಎಡ ಅಂಚಿನಲ್ಲಿ ಕೂತ ಬೆಳ್ಳಕ್ಕಿ ಯಾಕೋ ಮಂಕಾಗಿ ಕಂಡಿತು. ಮನೆಯ ಹಿಂದಿನ ಜಂಬಿಟ್ಟಿಗೆ ಗೋಡೆಗೆ ಲೆನ್ಸನ್ನು ನೇರವಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ಒಂದು ಚಿತ್ರ ತೆಗೆದೆ. ಬಲಗಡೆಯ ಇಟ್ಟಿಗೆಯ ತೂತುಗಳು ಸೂಜಿಮೊನೆಯಷ್ಟು ಚೂಪಾಗಿದ್ದವು, ಎಡಗಡೆ ಮಂಜು ಮುಸುಕಿದಂತಿತ್ತು. ಕ್ಯಾಮೆರಾವನ್ನು ತಲೆಕೆಳಗಾಗಿ ತಿರುಗಿಸಿ ಮತ್ತೆ ತೆಗೆದೆ. ಮಂಜು ಚೌಕಟ್ಟಿನ ಎಡಗಡೆಯಲ್ಲೇ ಇತ್ತು, ಆದರೆ ಗೋಡೆಯ ಮೇಲೆ ಈಗ ಅದು ಬಲಗಡೆಗೆ ಬಂದಿತ್ತು. ತಪ್ಪು ಗೋಡೆಯದಲ್ಲ. ಒಳಗಿನ ಒಂದು ಬಿಲ್ಲೆ ಕೂದಲೆಳೆಯಷ್ಟು ಸರಿದಿತ್ತು, ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದರಂತೆಯೇ.

ರಿಪೇರಿಯವರು ಬಿಚ್ಚಿ, ಅಳತೆ ನೋಡಿ, ಬಿಲ್ಲೆಯನ್ನು ಮತ್ತೆ ಕೂರಿಸಿಕೊಟ್ಟರು. ಜಾರಿದ್ದು ಯಾವುದು ಎಂದು ಕೇಳಿದೆ. ಪ್ಲಾಸ್ಟಿಕ್ ಕೊಳವೆಗೆ ಏನೂ ಆಗಿರಲಿಲ್ಲ. ಬಿಲ್ಲೆ ಹಿಡಿದಿದ್ದ ತೆಳು ಲೋಹದ ಉಂಗುರ ಬಗ್ಗಿತ್ತು. ಮರುವಾರ ಅದೇ ಕೆರೆ ಏರಿಯ ಮೇಲೆ ಹಿರಿಯರಿಗೆ ಈ ಸಂಗತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಲೆನ್ಸನ್ನು ಟ್ರೈಪಾಡಿನಿಂದ ಇಳಿಸಿ ನನ್ನ ಕೈಗಿಟ್ಟರು. ‘ಮನೆಗೆ ತಗೊಂಡು ಹೋಗು, ನಿನ್ನ ಗೋಡೆ ಮುಂದೆ ಇದನ್ನೂ ಒಂದು ಸಲ ನಿಲ್ಲಿಸಿ ನೋಡು’ ಎಂದರು.