ಮೊದಲಿನಿಂದ ಇದ್ದದ್ದನ್ನು ಏನು ಮಾಡೋದು?

ಊರಿನ ಯಾವ ಭಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅಂತ ಹೇಳೋದು ವಲಯ ನಿಯಮ. ಆ ನಿಯಮ ಬರೋ ಮುಂಚೆಯೇ ಅಲ್ಲಿದ್ದು, ಈಗ ಅದಕ್ಕೆ ಹೊಂದದ ಕಟ್ಟಡ, ಕಸುಬುಗಳದ್ದೇ ಈ ಪ್ರಶ್ನೆ.

1902ರಲ್ಲಿ ಹಡಚೆಕ್ ಅನ್ನುವವರು ಲಾಸ್ ಏಂಜಲೀಸ್ ಊರಾಚೆ ಎಂಟು ಎಕರೆ ಜಮೀನು ಕೊಂಡರು. ಇಟ್ಟಿಗೆಗೆ ಹೇಳಿ ಮಾಡಿಸಿದಂಥ ಮಣ್ಣು. ಗೂಡು ಹಾಕಿದರು, ವ್ಯಾಪಾರವೂ ಕುದುರಿತು. ಆಮೇಲೆ ಊರು ಬೆಳೆಯಿತು, ಆ ಜಾಗ ನಗರದೊಳಗೆ ಸೇರಿತು, ಸುತ್ತ ಮನೆಗಳು ಎದ್ದವು, ಹೊಗೆ ಧೂಳು ಅಂತ ದೂರು ಶುರುವಾಗಿ ಕೊನೆಗೆ ಅಲ್ಲಿ ಇಟ್ಟಿಗೆ ಸುಡುವುದೇ ಅಪರಾಧ ಅಂತ ನಗರಾಡಳಿತ ನಿಯಮ ತಂದಿತು. ಗೂಡಿದ್ದರೆ ಜಮೀನಿಗೆ 8 ಲಕ್ಷ ಡಾಲರ್, ಇಲ್ಲದಿದ್ದರೆ ಬರೀ 60 ಸಾವಿರ ಅಂತ ಅವರು ವಾದಿಸಿದರು. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ನಿಂತಿತು. ಮಣ್ಣು ಅಗೆಯೋದಕ್ಕೆ ಅಡ್ಡಿಯಿಲ್ಲವಲ್ಲ, ಸುಡೋದಕ್ಕೆ ತಾನೇ ಅನ್ನೋದು ಕೋರ್ಟಿನ ಲೆಕ್ಕ. ಮಣ್ಣನ್ನು ಬೇರೆಡೆ ಸಾಗಿಸಿ ಸುಟ್ಟರೆ ಏನೂ ಗಿಟ್ಟಲ್ಲ ಅಂತ ಅವರು ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ.

ಇಷ್ಟು ಬಲ ಸಿಕ್ಕಿದ ಮೇಲೂ ಬೇರೆ ಊರುಗಳಿಗೆ ಧೈರ್ಯ ಸಾಲಲಿಲ್ಲ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ವಲಯ ನಿಯಮ ತಂದಾಗ ಹಳೇ ಕಟ್ಟಡ, ಹಳೇ ಕಸುಬನ್ನು ಹಾಗೇ ಬಿಟ್ಟಿತು. ಮಾಲೀಕರು ತಿರುಗಿಬಿದ್ದರೆ, ಕೋರ್ಟು ಇಡೀ ನಿಯಮವನ್ನೇ ಹೊಡೆದುಹಾಕಿದರೆ ಅನ್ನೋ ಭಯ. ಹೇಗೂ ಕಾಲ ಕಳೆದಂತೆ ಇವು ತಾವಾಗೇ ಮುಚ್ಚಿಹೋಗುತ್ತವೆ ಅಂತ ಯೋಜಕರು ನಂಬಿದ್ದರು. ಅದಕ್ಕೇ ಇಂಥ ನಿಯಮ ತಂದ ಊರುಗಳು ಸಾಮಾನ್ಯವಾಗಿ ಷರತ್ತು ಹಾಕಿದವು. ಇರೋದನ್ನು ನಡೆಸಿ, ದೊಡ್ಡದು ಮಾಡಬೇಡಿ. ನಿಲ್ಲಿಸಿ ಇಂತಿಷ್ಟು ಕಾಲ ಕಳೆದರೆ ಹಕ್ಕು ಹೋಯಿತು. ಬೆಂಕಿ ಬಿದ್ದು ಬಹುಪಾಲು ಹಾಳಾದರೆ ಮತ್ತೆ ಹಾಗೇ ಕಟ್ಟುವಂತಿಲ್ಲ. ಆದರೆ ಜಾಗ ಮಾರಿದರೆ ಹಕ್ಕು ಜಾಗದ ಜೊತೆಗೇ ಹೊಸಬರಿಗೆ ಹೋಗುತ್ತದೆ.

ಆದರೆ ಮುಚ್ಚೋದು ಹಾಗಿರಲಿ, ಎಷ್ಟೋ ಕಡೆ ಇವು ಗಟ್ಟಿಯಾಗಿ ಬೇರೂರಿದವು. ಯಾಕೆ ಅಂದರೆ ಮನೆಗಳೇ ಇರೋ ಬೀದಿಯಲ್ಲಿ ಒಂದೇ ಒಂದು ಅಂಗಡಿ, ಪಕ್ಕದಲ್ಲಿ ಇನ್ನೊಂದು ತೆರೆಯೋ ಹಾಗಿಲ್ಲ. ಪೈಪೋಟಿಯನ್ನು ಸರ್ಕಾರವೇ ತಡೆದುಕೊಟ್ಟರೆ ಯಾರು ತಾನೇ ಬಿಟ್ಟು ಹೋಗ್ತಾರೆ?

ಆಮೇಲೆ ಇಷ್ಟು ಕಾಲದೊಳಗೆ ನಿಲ್ಲಿಸಿ ಅಂತ ಗಡುವು ಕೊಡೋ ದಾರಿ ಬಂತು. ಲಾಸ್ ಏಂಜಲೀಸ್‌ನಲ್ಲೇ 1930ರಿಂದ ಪ್ಲಂಬಿಂಗ್ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಗೇಜ್ ಅನ್ನುವವರಿಗೆ 1946ರ ನಿಯಮ ಐದು ವರ್ಷ ಟೈಮ್ ಕೊಟ್ಟಿತು. ಮನೆಯ ಒಂದು ಭಾಗವೇ ಅವರ ಆಫೀಸು, ಖಾಲಿ ಸೈಟಿನಲ್ಲಿ ಪೈಪುಗಳ ರಾಶಿ. 1954ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ಐದು ವರ್ಷ ಸಾಕು ಅಂದಿತು. ನನಗೂ ಇದು ಹಡಚೆಕ್‌ಗೆ ಸಿಕ್ಕಿದ್ದಕ್ಕಿಂತ ಎಷ್ಟೋ ವಾಸಿ ಅನ್ನಿಸುತ್ತೆ, ಪೈಪುಗಳನ್ನಾದರೂ ಬೇರೆಡೆ ಒಯ್ಯಬಹುದಲ್ವಾ. ಎಲ್ಲ ರಾಜ್ಯಗಳೂ ಒಪ್ಪಿಲ್ಲ. ವಯಸ್ಕರ ಪುಸ್ತಕದಂಗಡಿಯೊಂದಕ್ಕೆ ಪೆನ್ಸಿಲ್ವೇನಿಯಾದ ಮೂನ್ ಟೌನ್‌ಶಿಪ್ ಬರೀ 90 ದಿನ ಕೊಟ್ಟಿತ್ತು. 1991ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, 90 ದಿನ ಕಮ್ಮಿ ಅಂತಲ್ಲ, ಇಂಥ ಗಡುವು ಕೊಡೋದೇ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು.