ತಪ್ಪು ಸ್ವರ ಬಿದ್ದರೆ ಬೀಳಲಿ, ನಿಲ್ಲಿಸಬೇಡಿ

ಹೋದ ಸಲದ ಆರ್ಕೆಸ್ಟ್ರಾ ಆಡಿಷನ್‌ನಲ್ಲಿ ಒಬ್ಬ ಹುಡುಗ ತಯಾರು ಮಾಡಿಕೊಂಡು ಬಂದಿದ್ದ ಪೀಸನ್ನು ಬಹಳ ಚೆನ್ನಾಗಿ ನುಡಿಸಿದ. ಶ್ರುತಿ ಎಲ್ಲೂ ಜಾರಲಿಲ್ಲ. ಆಮೇಲೆ ಅವನು ಹಿಂದೆಂದೂ ನೋಡಿರದ ಎಂಟು ಬಾರ್‌ಗಳ (ಬೀಟ್ ಲೆಕ್ಕದಲ್ಲಿ ಗೆರೆ ಹಾಕಿ ಭಾಗ ಮಾಡಿದ ತುಂಡುಗಳ) ಒಂದು ಹಾಳೆಯನ್ನು ಮುಂದಿಟ್ಟೆ. ಮೂರನೇ ಬಾರ್‌ನಲ್ಲಿ ಒಂದು ಸ್ವರ ತಪ್ಪಿತು. 'ಸಾರಿ ಸರ್' ಅಂದ, ಮೊದಲಿಂದ ಶುರು ಮಾಡಿದ. ಮತ್ತೆ ಅಲ್ಲೇ ತಪ್ಪಿತು, ಮತ್ತೆ ಸಾರಿ. ನಾಲ್ಕನೇ ಸಲಕ್ಕೆ ಪಾಪ, ಕಿವಿ ಕೆಂಪಾಗಿತ್ತು. ಐದನೇ ಬಾರ್‌ಗೆ ನಾವಿಬ್ಬರೂ ತಲುಪಲೇ ಇಲ್ಲ.

ಹೈಸ್ಕೂಲ್ ಸ್ಟ್ರಿಂಗ್ ಆರ್ಕೆಸ್ಟ್ರಾ ಸೇರಬೇಕು ಅನ್ನುವ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ನಾನು ಮೊದಲು ಹೇಳುವುದು ಇದನ್ನೇ. ಆ ತಪ್ಪು ಸ್ವರ ನನಗೆ ಮುಖ್ಯವಾಗಿರಲಿಲ್ಲ. ಅವನು ನಿಲ್ಲಿಸಿದ್ದು ಮುಖ್ಯವಾಗಿತ್ತು. ಮನೆಯಲ್ಲಿ ಒಬ್ಬರೇ ನುಡಿಸುವಾಗ ತಪ್ಪಿದ ಕಡೆ ನಿಲ್ಲುವುದು, ತಿದ್ದುವುದು, ಮತ್ತೆ ಮೊದಲಿಂದ ಹಿಡಿಯುವುದು ವರ್ಷಗಟ್ಟಲೆ ಅಭ್ಯಾಸವಾಗಿಬಿಟ್ಟಿರುತ್ತದೆ. ಆದರೆ ಉಳಿದ ಮೂವತ್ತು ಜನ ನಿಮಗಾಗಿ ಕಾಯುವುದಿಲ್ಲ ಅಲ್ವಾ? ನೀವು ಸಾರಿ ಹೇಳಿ ಮುಗಿಸುವಷ್ಟರಲ್ಲಿ ಅವರು ಎರಡು ಬಾರ್ ಮುಂದೆ ಹೋಗಿರುತ್ತಾರೆ.

ಹೊಸ ಹಾಳೆ ಕೊಟ್ಟಾಗ ನುಡಿಸುವ ಮೊದಲು ಸಾಮಾನ್ಯವಾಗಿ ಅರ್ಧ ನಿಮಿಷ ನೋಡಲು ಬಿಡುತ್ತಾರೆ. ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ಮೊದಲ ಸಾಲನ್ನು ಮಾತ್ರ ದಿಟ್ಟಿಸಿ ನೋಡುತ್ತಾರೆ. ನೀವು ಹಾಗೆ ಮಾಡಬೇಡಿ. ಸ್ವರವನ್ನು ಸ್ವಲ್ಪ ಏರಿಸುವ ಶಾರ್ಪ್ ಗುರುತು ಎಷ್ಟು, ಇಳಿಸುವ ಫ್ಲ್ಯಾಟ್ ಎಷ್ಟು ಇವೆ ನೋಡಿ. ಬಾರ್‌ಗೆ ಎಷ್ಟು ಬೀಟ್ ಅಂತ ನೋಡಿ. ಆಮೇಲೆ ಹಾಳೆಯಲ್ಲಿ ಎಲ್ಲಕ್ಕಿಂತ ಕಪ್ಪಗೆ, ಒತ್ತೊತ್ತಾಗಿ ಕಾಣುವ ಜಾಗ ಯಾವುದು ಅಂತ ಹುಡುಕಿ, ಅದನ್ನು ಯಾವ ವೇಗದಲ್ಲಿ ನುಡಿಸಬಲ್ಲಿರೋ ಅದೇ ವೇಗದಲ್ಲಿ ಮೊದಲ ಬಾರ್ ಶುರು ಮಾಡಿ. ನಿಧಾನವಾದರೂ ಪರವಾಗಿಲ್ಲ, ಬೀಟ್ ಮಾತ್ರ ಅಲ್ಲಾಡಬಾರದು.

ಇನ್ನು ಸೇರಿದ ಮೇಲಿನ ಮಾತು.

ಹಾಳೆ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು. ಸಭೆಯ ಕಡೆ ಕೂತವರು ಹೊರಗಿನವರು, ಪಕ್ಕದವರು ಒಳಗಿನವರು. ಪುಟ ತಿರುಗಿಸುವುದು ಒಳಗಿನವರ ಕೆಲಸ, ಆಗ ಹೊರಗಿನವರು ನುಡಿಸುತ್ತಲೇ ಇರಬೇಕು. ಒಂದೇ ಸಾಲಿನಲ್ಲಿ ಸ್ವರಗಳು ಎರಡಾಗಿ ಒಡೆದರೆ ಮೇಲಿನದು ಹೊರಗಿನವರಿಗೆ, ಕೆಳಗಿನದು ಒಳಗಿನವರಿಗೆ. ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತಾರೆ, ಹಾಗಾಗಿ ಮೊದಲ ವಾರ ಇಬ್ಬರೂ ಒಟ್ಟಿಗೆ ಪುಟಕ್ಕೆ ಕೈ ಹಾಕಿ ಸ್ಟ್ಯಾಂಡ್ ಬೀಳಿಸುವುದು ಮಾಮೂಲು.

ಕಮಾನಿನ ವಿಷಯ ಇದಕ್ಕಿಂತ ದೊಡ್ಡದು. ಒಂದು ಸೆಕ್ಷನ್‌ನಲ್ಲಿ, ಅಂದರೆ ಒಂದೇ ಹಾಳೆ ನುಡಿಸುವ ಗುಂಪಿನಲ್ಲಿ, ಎಲ್ಲರ ಕಮಾನೂ ಒಂದೇ ಕಡೆ ಹೋಗಬೇಕು. ಕೆಳಗಡೆ ತೆರೆದ ಚೌಕದಂಥ ಗುರುತು ಇದ್ದರೆ ಕಮಾನನ್ನು ಹಿಡಿಯ ಕಡೆಯಿಂದ ತುದಿಯ ಕಡೆಗೆ ಎಳೆಯಬೇಕು, ಇಂಗ್ಲಿಷ್ 'ವಿ' ಅಕ್ಷರದಂಥದ್ದು ಇದ್ದರೆ ತುದಿಯಿಂದ ಹಿಡಿಯ ಕಡೆಗೆ. ಹಿಡಿಯಿಂದ ತುದಿಯ ಕಡೆಗೆ ಎಳೆಯುವಾಗ ತೂಕ ತಾನಾಗಿ ಬೀಳುತ್ತದೆ, ಅದಕ್ಕೇ ಬಾರ್‌ನ ಮೊದಲ ಬೀಟಿಗೆ ಸಾಮಾನ್ಯವಾಗಿ ಅದನ್ನೇ ಇಡುತ್ತೇವೆ. ಹತ್ತು ವಯೊಲಿನ್ ನಡುವೆ ಒಂದು ತಪ್ಪು ಸ್ವರ ಎಷ್ಟೋ ಸಲ ನನಗೇ ಕೇಳಿಸುವುದಿಲ್ಲ. ಒಂದು ಕಮಾನು ಉಲ್ಟಾ ಹೋದರೆ ಮಾತ್ರ ಕೊನೆ ಸಾಲಿನಲ್ಲಿ ಕೂತವರಿಗೂ ಕಾಣುತ್ತದೆ.

ದಾರಿ ತಪ್ಪಿದಾಗಲೂ ನಿಮ್ಮನ್ನು ಕಾಪಾಡುವುದು ಈ ಕಮಾನೇ. ದಾರಿ ತಪ್ಪುವುದಂತೂ ಖಂಡಿತ. ಆಗ ಎಡಗೈ ಬೆರಳುಗಳ ಚಿಂತೆ ಬಿಡಿ, ಮುಂದೆ ಕೂತವರ ಕಮಾನು ನೋಡುತ್ತಾ ಪ್ರತಿ ಬಾರ್‌ನ ಮೊದಲ ಸ್ವರ ಮಾತ್ರ ನುಡಿಸಿ. ಅದೂ ಆಗದಿದ್ದರೆ ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆತ್ತಿ ಗಾಳಿಯಲ್ಲೇ ಆಡಿಸಿ. ಹಾಳೆಯಲ್ಲಿ ಅಲ್ಲಲ್ಲಿ ಚೌಕದೊಳಗೆ ಒಂದು ಅಕ್ಷರ ಅಥವಾ ಸಂಖ್ಯೆ ಇರುತ್ತದಲ್ಲ, ಮುಂದಿನ ಅಂಥ ಗುರುತಿನಲ್ಲಿ ಹತ್ತಿಕೊಳ್ಳಿ. ನುಡಿಸದೇ ಇರುವ ಬಾರ್‌ಗಳನ್ನು ಬೆರಳಲ್ಲಿ ಎಣಿಸಿ, ನಾಚಿಕೆ ಬೇಡ. ವಿದ್ಯಾರ್ಥಿಯಾಗಿದ್ದಾಗ ನಾನು ನಾಲ್ಕು ಬಾರ್ ಸುಮ್ನಿರಬೇಕಾದ ಕಡೆ ಮೂರೇ ಎಣಿಸಿ, ಇಡೀ ಹಾಲ್ ನಿಶ್ಶಬ್ದವಾಗಿದ್ದಾಗ ಒಬ್ಬನೇ ಜೋರಾಗಿ ಶುರು ಮಾಡಿದ್ದೆ. ಇವತ್ತಿಗೂ ನಾಲ್ಕು ಬಾರ್ ರೆಸ್ಟ್ ಕಂಡರೆ ಬೆರಳು ಮಡಚುತ್ತೇನೆ.

ಸುಲಭ ಅಂತ ಕಾಣುವ ಪಾರ್ಟಿನಲ್ಲೇ (ಒಂದು ವಾದ್ಯಕ್ಕೆ ಬರೆದ ಭಾಗದಲ್ಲೇ) ದಾರಿ ತಪ್ಪುವುದು ಜಾಸ್ತಿ. ಜರ್ಮನಿಯ ಸಂಗೀತಕಾರ ಪಾಕೆಲ್‌ಬೆಲ್‌ನ 'ಕ್ಯಾನನ್' ಅನ್ನುವ ಪೀಸ್‌ನಲ್ಲಿ ಚೆಲ್ಲೊಗೆ ಇರುವುದು ಎಂಟೇ ಸ್ವರ, ಅವನ್ನೇ 28 ಸಲ ನುಡಿಸಬೇಕು. ಹನ್ನೊಂದನೆಯದೋ ಹನ್ನೆರಡನೆಯದೋ ಅನ್ನುವ ಗೊಂದಲ ಬಂದರೆ ಹಾಳೆ ಏನೂ ಹೇಳುವುದಿಲ್ಲ, ಮೇಲೆ ವಯೊಲಿನ್‌ಗಳು ಏನು ಮಾಡುತ್ತಿವೆ ಅಂತ ಕೇಳಿಯೇ ತಿಳಿಯಬೇಕು. ಅದಕ್ಕೇ ಮನೆಯಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ನಿಮ್ಮ ಪಾರ್ಟಿನ ಮೇಲೆ ಬೆರಳಿಟ್ಟು ಓದುತ್ತಾ ಹೋಗಿ. ವಾದ್ಯ ಪೆಟ್ಟಿಗೆಯಲ್ಲೇ ಇರಲಿ.

'ನಮ್ಮ ಮಗಳನ್ನು ಯಾಕೆ ಸೆಕೆಂಡ್ ವಯೊಲಿನ್‌ಗೆ ಹಾಕಿದ್ದೀರಿ ಸರ್?' ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ವಯೊಲಿನ್‌ನವರಲ್ಲಿ ಫಸ್ಟ್, ಸೆಕೆಂಡ್ ಅಂತ ಎರಡು ಗುಂಪು, ಎರಡಕ್ಕೂ ಬೇರೆ ಬೇರೆ ಪಾರ್ಟ್. ಎಲ್ಲ ಗಟ್ಟಿಗರನ್ನೂ ಫಸ್ಟ್‌ನಲ್ಲಿ ಕೂರಿಸಿದರೆ ಮಧ್ಯ ಪೊಳ್ಳಾಗುತ್ತದೆ. ಬೀಟ್‌ಗಳ ಸಂದಿನಲ್ಲಿ ಬೀಳುವ ಸ್ವರಗಳು ಸೆಕೆಂಡ್ ವಯೊಲಿನ್‌ಗೇ ಜಾಸ್ತಿ, ಅದಕ್ಕೆ ತಾಳ ಗಟ್ಟಿ ಇರುವವರು ಬೇಕು. ಇನ್ನು ವಯೊಲಿನ್‌ನವರು ತುಂಬಿ ತುಳುಕುತ್ತಿದ್ದರೆ ವಿಯೋಲಕ್ಕೆ, ಅಂದರೆ ವಯೊಲಿನ್‌ಗಿಂತ ಸ್ವಲ್ಪ ದೊಡ್ಡದಾದ ಅದರ ಅಣ್ಣನಿಗೆ, ಹೋಗಲು ಹಿಂಜರಿಯಬೇಡಿ. ವಯೊಲಿನ್‌ನ ಕೆಳಗಿನ ಮೂರು ತಂತಿಗಳು ಜಿ, ಡಿ, ಎ. ವಿಯೋಲದಲ್ಲಿ ಅವೇ ಮೇಲಿನ ಮೂರು. ಇ ತಂತಿ ಹೋಗಿ ಕೆಳಗೆ ಸಿ ಬರುತ್ತದೆ ಅಷ್ಟೆ. ಕಷ್ಟ ಇರುವುದು ಓದುವುದರಲ್ಲಿ, ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು ಕ್ಲೆಫ್, ವಿಯೋಲದ್ದು ಆಲ್ಟೊ ಕ್ಲೆಫ್, ಅದರಲ್ಲಿ ನಡುಗೆರೆಯೇ ಮಿಡಲ್ ಸಿ (ಪಿಯಾನೊದ ನಡುವಿನ ಸಿ ಸ್ವರ). ಮೊದಮೊದಲು ಕಣ್ಣು ವಯೊಲಿನ್ ಹಾಳೆ ಅಂತಲೇ ಓದುತ್ತದೆ. ದಿನಾ ಸ್ವಲ್ಪ ಸ್ವಲ್ಪ ಓದಿದರೆ ಹತ್ತುತ್ತದೆ.

ಶ್ರುತಿ ಕೂಡಿಸುವ ಹೊತ್ತಿಗೆ ಮಾತಾಡಬೇಡಿ. ಸಾಮಾನ್ಯವಾಗಿ 440 ಹರ್ಟ್ಸ್‌ನ ಎ ಸ್ವರ ಕೊಡುತ್ತಾರೆ, ಮೊದಲು ಕೇಳಿ, ಆಮೇಲೆ ಕಮಾನು ಮುಟ್ಟಿಸಿ. ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್‌ನ ಆಚೆ, ತಂತಿಯ ಕೆಳತುದಿಯಲ್ಲಿರುವ ಸಣ್ಣ ಸ್ಕ್ರೂ ಸಾಕು. ಮೇಲಿನ ಕಟ್ಟಿಗೆಯ ಪೆಗ್ಗನ್ನು ಅವಸರದಲ್ಲಿ ತಿರುಗಿಸಿದರೆ ಇ ತಂತಿ ಪಟ್ ಅಂತ ಹೋಗುತ್ತದೆ, ಪೆಟ್ಟಿಗೆಯಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಹಾಂ, ಪೆನ್ಸಿಲ್ ಮರೆಯಬೇಡಿ, ಸ್ಟ್ಯಾಂಡಿಗೆ ಒಂದಾದರೂ ಇರಲಿ. ಪೆನ್ನು ಬೇಡ. ಈ ವಾರ ಬರೆಸಿದ ಕಮಾನಿನ ಗುರುತುಗಳನ್ನು ಮುಂದಿನ ವಾರ ನಾನೇ ಬಂದು ಅಳಿಸಿ ಅಂತ ಹೇಳುತ್ತೇನೆ.