ಮೊದಲು ನಗದು ಬೆಲೆ ಕೇಳಿ

ಐದಾರು ವರ್ಷದ ಹಿಂದೆ ಕೊಂಡ 9 ಎಂಎಂ ಪಿಸ್ತೂಲು ಲಾಕರಿನಲ್ಲಿ ಸುಮ್ಮನೆ ಕೂತಿರುತ್ತದೆ. ಅಂಗಡಿಯ ರ‍್ಯಾಕಿನಲ್ಲಿ ಹಳೆಯ ವಿಂಚೆಸ್ಟರ್ 94 ಲಿವರ್ ರೈಫಲ್ ಕಣ್ಣಿಗೆ ಬೀಳುತ್ತದೆ. ಲಿವರ್ ಎಳೆದರೆ ಆ ‘ಕ್ಲಿಕ್ ಕ್ಲಕ್’ ಸದ್ದು, ವಾಲ್‌ನಟ್ ಮರ, ಸವೆದ ಉಕ್ಕು. ಮನಸ್ಸು ಹೋಗಿಬಿಡುತ್ತದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಆಗ ಕೌಂಟರಿನಲ್ಲಿ ಆಡುವ ಮೊದಲ ಮಾತು, ‘ನನ್ನ ಪಿಸ್ತೂಲಿಗೆ ಎಷ್ಟು ಕೊಡ್ತೀರಿ?’ ವ್ಯವಹಾರ ಅಲ್ಲೇ ಕೆಟ್ಟಿತು.

ಇದೇ ಜನ ಊರಿಗೆ ಹೋದಾಗ ಅವರಮ್ಮ ಹಳೆಯ ಬಳೆ ಕೊಟ್ಟು ಹೊಸ ಸರ ತರುವುದನ್ನು ನೋಡಬೇಕು. ಆಕೆ ಮೊದಲು ಸರದ ಬೆಲೆ ಬಿಡಿಸಿ ಕೇಳುತ್ತಾರೆ: ಇವತ್ತಿನ ಗ್ರಾಂ ದರ ಎಷ್ಟು, ವೇಸ್ಟೇಜು ಎಷ್ಟು, ಮಜೂರಿ ಎಷ್ಟು. ಅದು ಇತ್ಯರ್ಥವಾಗುವವರೆಗೆ ಬಳೆ ಪರ್ಸಿನಿಂದ ಹೊರಗೆ ಬರುವುದಿಲ್ಲ. ಬಂದೂಕಿಗೂ ಇದೇ ಕ್ರಮ. ‘ಪಿಸ್ತೂಲಿನ ಮಾತು ಬಿಡಿ, ಈ ರೈಫಲ್ ನಗದಿಗೆ ಎಷ್ಟಕ್ಕೆ ಬಿಡ್ತೀರಿ?’ ಎಂದು ಮೊದಲು ಕೇಳಿ, ಉತ್ತರ ಬರೆದುಕೊಳ್ಳಿ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ಲೆಕ್ಕ ಬಿಡಿಸುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಮಾರುಕಟ್ಟೆ ದರವಲ್ಲ. ರೈಫಲಿನ ಚೀಟಿಯಲ್ಲಿ 850 ಡಾಲರ್ ಇದೆ. ಅಂಥದೇ ರೈಫಲ್‌ಗಳು ನಿಜವಾಗಿ 700ಕ್ಕೆ ಮಾರಾಟವಾಗುತ್ತಿವೆ. ನಿಮ್ಮ ಪಿಸ್ತೂಲು ಹೊಸದಿದ್ದಾಗ 550, ಈಗ ಇನ್ನೊಬ್ಬ ಬಳಕೆದಾರ ಕೊಡುವುದು 400, ಅಂಗಡಿಯವನು ಕೊಡುವುದು 250. ಅಂಗಡಿಯವನ 250ರಲ್ಲಿ ಮೋಸವಿಲ್ಲ. ಅವನು ಅದನ್ನು ಮತ್ತೆ ಮಾರಬೇಕು, ಬಾಡಿಗೆ ಕಟ್ಟಬೇಕು, ಮಾರಾಟವಾಗುವವರೆಗೆ ಹಣ ಹೂಡಿ ಕೂರಬೇಕು.

ಗಿರಾಕಿಯ ತಲೆಯಲ್ಲಿ ಓಡುವ ಲೆಕ್ಕ 850ರಲ್ಲಿ 550 ಕಳೆದರೆ 300. ಅಂಗಡಿಯ ಲೆಕ್ಕ 850ರಲ್ಲಿ 250 ಕಳೆದರೆ 600. ಜಗಳ ಶುರು. ಆಗ ಜಾಣ ವ್ಯಾಪಾರಿ ಸೋತವನಂತೆ ನಿಟ್ಟುಸಿರು ಬಿಟ್ಟು ‘ಆಯ್ತು, ನಿಮ್ಮ ಪಿಸ್ತೂಲಿಗೆ 400 ಕೊಡ್ತೀನಿ’ ಅನ್ನುತ್ತಾನೆ. ಗಿರಾಕಿ ಗೆದ್ದೆನೆಂದು 450 ಕೊಟ್ಟು ರೈಫಲ್ ಹೊತ್ತು ಹೋಗುತ್ತಾನೆ. ಅವನು ಗೆದ್ದಿದ್ದೇನು? ರೈಫಲನ್ನು ಅದರ ನಿಜಬೆಲೆ 700ಕ್ಕೆ ಇಳಿಸಿ, ಪಿಸ್ತೂಲಿಗೆ ಮೊದಲಿನ 250 ಕೊಟ್ಟಿದ್ದರೂ ಮೇಲೆ ಕೊಡುವ ಹಣ ಅದೇ 450 ಆಗುತ್ತಿತ್ತು. ಪಿಸ್ತೂಲಿಗೆ ಬರೆದ ಅಂಕಿ ಬರೀ ಅಲಂಕಾರ. ನೋಡಬೇಕಾದದ್ದು ಒಂದೇ: ಜೇಬಿನಿಂದ ಹೊರಹೋಗುವ ಹಣ, ಅದರ ಜೊತೆಗೆ ಆ ಪಿಸ್ತೂಲನ್ನು ನೀವೇ ಮಾರಿದ್ದರೆ ಬರುತ್ತಿದ್ದ ಹಣ. ಇಲ್ಲಿ 450 ಮತ್ತು 400 ಸೇರಿ 850. ಅಂದರೆ 700ರ ರೈಫಲಿಗೆ ಚೀಟಿಯ ಪೂರ್ತಿ ಬೆಲೆ ತೆತ್ತ ಹಾಗಾಯಿತು.

ಪಿಸ್ತೂಲನ್ನು ಬೇರೆ ಮಾರಿ, ನಗದಿನಲ್ಲಿ ಚೌಕಾಸಿ ಮಾಡಿ 720–750ಕ್ಕೆ ರೈಫಲ್ ತಂದರೆ ನೂರು ಡಾಲರಾದರೂ ಉಳಿಯುತ್ತದೆ. ಕೆಲವು ರಾಜ್ಯಗಳಲ್ಲಿ ಬದಲಿ ಕೊಟ್ಟಾಗ ಮಾರಾಟ ತೆರಿಗೆ ವ್ಯತ್ಯಾಸದ ಹಣದ ಮೇಲಷ್ಟೇ ಬೀಳುತ್ತದೆ. ಅಲ್ಲಿ ಈ ಅಂತರ ಸ್ವಲ್ಪ ತಗ್ಗುತ್ತದೆ. ಸಮಯ, ಓಡಾಟ ಬೇಡವೆಂದು ಗೊತ್ತಿದ್ದೇ ಆ ಹಣ ಬಿಟ್ಟುಕೊಟ್ಟರೆ ನನ್ನ ತಕರಾರಿಲ್ಲ. ಗೊತ್ತಿಲ್ಲದೆ ಬಿಟ್ಟುಕೊಡುವುದಕ್ಕೆ ತಕರಾರು.

ನಿಜಬೆಲೆ ತಿಳಿಯುವುದಕ್ಕೆ ಗನ್‌ಬ್ರೋಕರ್‌ನಂಥ ಹರಾಜು ತಾಣಗಳಲ್ಲಿ ಮುಗಿದ ಹರಾಜುಗಳನ್ನು, ಅದರಲ್ಲೂ ನಿಜಕ್ಕೂ ಮಾರಾಟವಾದವನ್ನು ಮಾತ್ರ ನೋಡಿ. ಜನ ಕೇಳುತ್ತಿರುವ ಬೆಲೆ ಬೆಲೆಯಲ್ಲ. ಎರಡು ವರ್ಷದಿಂದ ಮಾರಾಟವಾಗದೆ ಕೂತ ಬಂದೂಕಿನ ಚೀಟಿಯಲ್ಲೂ ಒಂದು ದೊಡ್ಡ ಅಂಕಿ ಇರುತ್ತದೆ. ಒಂದೇ ಮಾದರಿ, ಒಂದೇ ಕ್ಯಾಲಿಬರ್, ಹತ್ತಿರದ ವರ್ಷ, ಹತ್ತಿರದ ಸ್ಥಿತಿ ಇರುವ ಐದಾರು ಮಾರಾಟ ಹುಡುಕಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಡಿ.

ಪಿಸ್ತೂಲಿನ ಕಡೆ ಹೇಳುವುದು ಕಡಿಮೆ. ಮೂಲ ಡಬ್ಬಿ, ಎಲ್ಲ ಮ್ಯಾಗಜೀನ್‌ಗಳು ಇರಲಿ. ನೀವು ಹಾಕಿಸಿದ ದುಬಾರಿ ಟ್ರಿಗರ್, ಕೆತ್ತಿಸಿದ ಹಿಡಿ ಬೆಲೆ ಏರಿಸುವುದಿಲ್ಲ, ಹೆಚ್ಚಾಗಿ ಇಳಿಸುತ್ತವೆ. ಆದರೆ ಕೊಡುತ್ತಿರುವುದು ಹಳೆಯ ಕೋಲ್ಟ್ ಪೈಥಾನ್ ರಿವಾಲ್ವರೋ, 1980ರ ದಶಕದ ಆರಂಭಕ್ಕಿಂತ ಹಿಂದಿನ, ನಳಿಗೆಗೆ ಅಡ್ಡ ಪಿನ್ ಇರುವ ಸ್ಮಿತ್ ಅಂಡ್ ವೆಸನ್ ಮ್ಯಾಗ್ನಮೋ ಆಗಿದ್ದರೆ ಒಂದು ಕ್ಷಣ ನಿಲ್ಲಿ. ಅಲ್ಲಿ ರೈಫಲಿನವನೇ ಮೇಲೆ ಹಣ ಕೊಡಬೇಕಾಗಬಹುದು.

ಇನ್ನು ರೈಫಲ್. ‘ವಿಂಚೆಸ್ಟರ್’ ಅನ್ನುವ ಹೆಸರು ಬೆಲೆಯಲ್ಲ. ಮಾದರಿ 94 ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಅದರಲ್ಲಿ 1964 ಒಂದು ಗೆರೆ. ಆ ವರ್ಷ ಖರ್ಚು ಉಳಿಸಲು ಕಂಪನಿ ತಯಾರಿಕೆ ಬದಲಿಸಿತು. ಗಟ್ಟಿ ಪಿನ್‌ಗಳ ಜಾಗಕ್ಕೆ ಟೊಳ್ಳು ರೋಲ್ ಪಿನ್, ತೋಟಾ ಎತ್ತುವ ಲಿಫ್ಟರಿಗೆ ಅಚ್ಚೊತ್ತಿದ ತಗಡು ಬಂದವು. ರಿಸೀವರಿನ, ಅಂದರೆ ನಳಿಗೆಯ ಹಿಂದೆ ಯಂತ್ರಭಾಗ ಕೂರುವ ಉಕ್ಕಿನ ಕವಚದ, ಲೋಹವೂ ಬದಲಾಯಿತು. ಸೀರಿಯಲ್ 27 ಲಕ್ಷದಿಂದ ಮೇಲೆ ಇದ್ದರೆ ಅದು ಗೆರೆಯ ಈಚಿನದು. ಲಿವರ್ ತೆರೆದು ಕೆಳಗಿನಿಂದ ನೋಡಿದರೆ ತಗಡಿನ ಲಿಫ್ಟರು ಕಾಣುತ್ತದೆ; ಕೆಲವು ವರ್ಷಗಳ ನಂತರ ಗಟ್ಟಿ ಲಿಫ್ಟರು ವಾಪಸು ಬಂತಾದ್ದರಿಂದ ಸೀರಿಯಲ್ಲನ್ನೂ ನೋಡಲೇಬೇಕು. 1992ರಿಂದ ಅಡ್ಡ ಗುಂಡಿಯ ಸೇಫ್ಟಿ ಬಂತು, ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು, ಈಗಿನವು ಜಪಾನಿನ ಮಿರೋಕು ಕಂಪನಿಯಲ್ಲಿ ತಯಾರಾಗುತ್ತವೆ. 1964ರ ನಂತರದವು ಗುಂಡು ಹಾರಿಸುವುದಕ್ಕೆ ಕೆಟ್ಟವೇನಲ್ಲ, ಮಿರೋಕುವಿನ ಕೆಲಸವಂತೂ ಅಚ್ಚುಕಟ್ಟು. ಬೆಲೆ ಕಟ್ಟುವಾಗ ಬೇರೆ ಬೇರೆ ಸಾಲಿನಲ್ಲಿಡಬೇಕು, ಅಷ್ಟೇ.

ಮಾರ್ಲಿನ್ ಕಂಪನಿಯ ಲಿವರ್ ರೈಫಲ್ 336 ಆದರೆ ಗುರುತು ಹಿಡಿಯುವುದು ಇನ್ನೂ ಸುಲಭ. ರಿಸೀವರ್ ಹತ್ತಿರ ನಳಿಗೆಯ ಮೇಲೆ ಅಂಡಾಕಾರದಲ್ಲಿ ‘ಜೆಎಂ’ ಮುದ್ರೆಯಿದ್ದರೆ ಮಾರ್ಲಿನ್ನಿನ ಹಳೆಯ ಕನೆಕ್ಟಿಕಟ್ ಕಾರ್ಖಾನೆ ಕಾಲದ್ದು. ‘ಆರ್‌ಇಪಿ’ ಇದ್ದರೆ ರೆಮಿಂಗ್ಟನ್ ಕಾಲದ್ದು. ರೆಮಿಂಗ್ಟನ್ ಕೈಗೆ ಹೋಗಿ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸ್ಥಳಾಂತರವಾದ ಮೊದಲ ವರ್ಷಗಳಲ್ಲಿ ಗುಣಮಟ್ಟ ಬಿತ್ತು: ವಾಲಿದ ಗುರಿಮಣಿ, ಮರಕ್ಕೂ ಲೋಹಕ್ಕೂ ಮಧ್ಯೆ ಸಂದು. ಮಾರುಕಟ್ಟೆ ಅದನ್ನು ಮರೆತಿಲ್ಲ. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ನನ್ನು ಕೊಂಡುಕೊಂಡ ಮೇಲಿನವುಗಳಿಗೆ ಒಳ್ಳೆಯ ಹೆಸರಿದೆ, ಸೀರಿಯಲ್ ‘ಆರ್‌ಎಂ’ನಿಂದ ಶುರುವಾಗುತ್ತದೆ. 1970ರ ದಶಕದ ಮಧ್ಯದಿಂದೀಚಿನ ಜೆಎಂ ರೈಫಲಿನ ವರ್ಷ ತಿಳಿಯಲು ಸೀರಿಯಲ್ಲಿನ ಮೊದಲೆರಡು ಅಂಕಿಯನ್ನು 100ರಿಂದ ಕಳೆಯಿರಿ. 25 ಇದ್ದರೆ 75, ಅಂದರೆ 1975. 357 ಮ್ಯಾಗ್ನಮ್ ತೋಟಾದ ಜೆಎಂ ಮುದ್ರೆಯ ಮಾರ್ಲಿನ್ ಮಾದರಿ 1894 ಸಿಕ್ಕಿದರೆ ಅದಕ್ಕೆ 30-30 ತೋಟಾದ 336ರ ಬೆಲೆ ಹಿಡಿಯಬೇಡಿ, ಅದನ್ನು ಹುಡುಕುವವರೇ ಬೇರೆ.

ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಹೊಳಪು. ಹಳೆಯದನ್ನು ತಿಕ್ಕಿ ಬೆಳಗುವುದು ನಮ್ಮ ರಕ್ತದಲ್ಲೇ ಇದೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಸರಿ, ವಿಂಚೆಸ್ಟರಿಗಲ್ಲ. ಸಂಗ್ರಹಕಾರ ಹಣ ಕೊಡುವುದು ಕಾರ್ಖಾನೆಯ ಮೂಲ ಬ್ಲೂಯಿಂಗ್ (ಉಕ್ಕಿಗೆ ಕೊಟ್ಟ ನೀಲಿಗಪ್ಪು ಬಣ್ಣ) ಎಷ್ಟು ಉಳಿದಿದೆ ಎಂಬುದಕ್ಕೆ. ಹೊಸದಾಗಿ ಬ್ಲೂಯಿಂಗ್ ಮಾಡಿಸಿದ ಹಳೆಯ ರೈಫಲನ್ನು ಗುಂಡು ಹಾರಿಸುವ ಸಾಧನದ ಬೆಲೆಗೆ ಕೊಳ್ಳಬಹುದು, ಸಂಗ್ರಹದ ಬೆಲೆಗಲ್ಲ. ಗುರುತಿಸುವುದು ಹೀಗೆ: ಅಕ್ಷರಗಳ ಅಂಚು ಬೆರಳಿಗೆ ಚೂಪಾಗಿ ತಾಗಬೇಕು, ಪಾಲಿಶ್ ಚಕ್ರ ಹಾಯ್ದಿದ್ದರೆ ಅಂಚು ಕರಗಿರುತ್ತದೆ, ಸ್ಕ್ರೂ ತೂತುಗಳ ಸುತ್ತ ತಟ್ಟೆಯಂತೆ ತಗ್ಗಾಗಿರುತ್ತದೆ, ರಿಸೀವರಿನ ಮೂಲೆಗಳು ದುಂಡಗಾಗಿರುತ್ತವೆ. ತುಕ್ಕಿನ ಗುಳಿಗಳ ಒಳಗೂ ನೀಲಿ ಕಂಡರೆ ತುಕ್ಕು ಬಂದ ಮೇಲೆ ಬ್ಲೂಯಿಂಗ್ ಆಗಿದೆ. ಯುದ್ಧಪೂರ್ವದ 94ಗಳಲ್ಲಿ ರಿಸೀವರಿನ ನೀಲಿ ಹಕ್ಕಳೆ ಹಕ್ಕಳೆಯಾಗಿ ಉದುರಿ ಬೂದು ಬಣ್ಣಕ್ಕೆ ತಿರುಗುವುದು ಸಹಜ, ನಳಿಗೆಯಲ್ಲಿ ಮಾತ್ರ ಉಳಿಯುತ್ತದೆ. ರಿಸೀವರ್ ಕನ್ನಡಿಯಂತಿದ್ದು ಮರ ಮಾತ್ರ ಜಜ್ಜಿಹೋಗಿದ್ದರೆ ಅನುಮಾನಪಡಿ. 1964ರ ನಂತರದ ಅನೇಕ ರಿಸೀವರುಗಳು ಮಾಮೂಲಿ ಬ್ಲೂಯಿಂಗ್ ದ್ರಾವಣಕ್ಕೆ ಬಗ್ಗುವುದಿಲ್ಲ, ನೇರಳೆಗೆ ತಿರುಗುತ್ತವೆ.

ಕೊಂಡ ಮೇಲೂ ಉಕ್ಕಿನ ಉಣ್ಣೆ, ಉಜ್ಜುವ ಪುಡಿ ಬೇಡ. ಬಟ್ಟೆಗೆ ತೆಳು ಎಣ್ಣೆ ಸಾಕು. ಆಯುಧಪೂಜೆಗೆ ಗಂಧ, ಕುಂಕುಮ ಇಡುವವರು ಇಡಿ, ಸಂಜೆಗೆ ಒರೆಸಿ ಎಣ್ಣೆ ಹಚ್ಚಿ. ತೇವದ ಗಂಧ ರಾತ್ರಿಯಿಡೀ ಉಕ್ಕಿನ ಮೇಲೆ ಕೂತರೆ ಅಲ್ಲೇ ತುಕ್ಕು ಬೇರು ಬಿಡುತ್ತದೆ.

ರಿಸೀವರಿನ ಪಕ್ಕದಲ್ಲಿ ಸ್ಕೋಪ್ ಕೂರಿಸಲು ಯಾರೋ ಕೊರೆದ ತೂತು, ರಬ್ಬರ್ ಪ್ಯಾಡಿಗಾಗಿ ಕತ್ತರಿಸಿದ ಸ್ಟಾಕ್ (ಹೆಗಲಿಗೆ ಒತ್ತುವ ಮರದ ಭಾಗ), ಇವೂ ಸಂಗ್ರಹದ ಬೆಲೆಗೆ ದೊಡ್ಡ ಪೆಟ್ಟು. ಸ್ಟಾಕಿನ ಕುತ್ತಿಗೆಯಲ್ಲಿ, ರಿಸೀವರಿನಿಂದ ಮರದ ಮೇಲೆ ಚಾಚಿದ ಲೋಹದ ನಾಲಿಗೆ (ಟ್ಯಾಂಗ್) ಮುಗಿಯುವ ಕಡೆ ಕೂದಲಿನಷ್ಟು ಸೀಳು ಇದೆಯೇ ನೋಡಿ.

‘ಸ್ಮರಣಾರ್ಥ ಆವೃತ್ತಿ’ಗಳಿಗೆ ಮರುಳಾಗುವವರೂ ಬಹಳ. ಚಿನ್ನದ ಬಣ್ಣದ ರಿಸೀವರ್, ಪದಕ, ಕೆತ್ತನೆ. 1966ರ ಸೆಂಟೆನಿಯಲ್ ಒಂದೇ ಲಕ್ಷಕ್ಕೂ ಹೆಚ್ಚು ತಯಾರಾಯಿತು, ಕೊಂಡವರೆಲ್ಲ ಬೆಲೆ ಏರುತ್ತದೆಂದು ಜೋಪಾನ ಮಾಡಿದರು. ಎಲ್ಲರೂ ಕಾಪಿಟ್ಟ ವಸ್ತು ಅಪರೂಪವಾಗುವುದು ಹೇಗೆ? ಡಬ್ಬಿ, ಕಾಗದದೊಂದಿಗೆ ಒಂದೂ ಗುಂಡು ಹಾರಿಸದೆ ಇದ್ದರೆ ಮಾತ್ರ ಸ್ವಲ್ಪ ಹೆಚ್ಚಿನ ಬೆಲೆ. ವಿಂಚೆಸ್ಟರ್ ಮಾದರಿ 1895ರ ಮಾತು ಬೇರೆ. ನಮ್ಮ ಕಡೆಯ ಹಳೆಯ ಶಿಕಾರಿ ಕಥೆಗಳಲ್ಲಿ ಬರುವ ‘405 ವಿಂಚೆಸ್ಟರ್’ ಇದೇ ಲಿವರ್ ರೈಫಲ್. ಕೊಳವೆಯ ಬದಲು ಪೆಟ್ಟಿಗೆ ಮ್ಯಾಗಜೀನ್ ಇರುತ್ತದೆ. ಆ ಕ್ಯಾಲಿಬರಿನಲ್ಲಿ ಹಳೆಯದೇ ಎದುರಾದರೆ ನನ್ನಂಥವರನ್ನೂ ನಂಬಬೇಡಿ, ಅದನ್ನೇ ಅಭ್ಯಸಿಸಿದವರಿಗೆ ತೋರಿಸಿ. ವಯೋಮಿಂಗಿನ ಕೋಡಿಯಲ್ಲಿರುವ ಬಂದೂಕು ಸಂಗ್ರಹಾಲಯ ಹಳೆಯ ವಿಂಚೆಸ್ಟರ್‌ಗಳಿಗೆ ಕಾರ್ಖಾನೆ ದಾಖಲೆಯ ಪತ್ರ ಕೊಡುತ್ತದೆ. ಎಲ್ಲ ಸೀರಿಯಲ್ಲಿಗೂ ದಾಖಲೆ ಉಳಿದಿಲ್ಲ, ಫೀಸು ಕಟ್ಟುವ ಮುನ್ನ ವಿಚಾರಿಸಿ.

ಒಳಗಿನ ಪರೀಕ್ಷೆಗೆ ಮೊದಲು ಲಿವರ್ ತೆರೆದು ಚೇಂಬರ್ ಖಾಲಿಯೇ, ಕೊಳವೆಯಲ್ಲಿ ತೋಟಾ ತಳ್ಳುವ ಫಾಲೋವರ್ ಕಾಣುತ್ತಿದೆಯೇ ಎಂದು ಕಣ್ಣಾರೆ ನೋಡಿ. 94ರ ನಳಿಗೆಯನ್ನು ಹಿಂದಿನಿಂದ ನೋಡಲು ಬರುವುದಿಲ್ಲ. ತೆರೆದ ಬ್ರೀಚಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ, ಬಿಳಿ ಕಾಗದವಿಟ್ಟು ಟಾರ್ಚ್ ಬಿಟ್ಟು ಬಾಯಿಯ ಕಡೆಯಿಂದ ನೋಡಬೇಕು. ಇದೇ ಕಾರಣಕ್ಕೆ ಹಿಂದಿನವರು ಬಾಯಿಯಿಂದಲೇ ಕಡ್ಡಿ ತೂರಿಸಿ ಶುಚಿ ಮಾಡಿ, ತುದಿಯ ಒಂದೆರಡು ಇಂಚು ಒಳಗಿನ ಸುರುಳಿ ತೋಡು ಸವೆಸಿಬಿಟ್ಟಿರುತ್ತಾರೆ. ಒಳಗೆ ಚೆನ್ನಾಗಿದ್ದು ತುದಿ ಮಾತ್ರ ಸವೆದಿದ್ದರೆ ಬಂದೂಕು ರಿಪೇರಿಯವರು ಬಾಯಿಯನ್ನು ಹೊಸದಾಗಿ ಕಡೆದುಕೊಡಬಲ್ಲರು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮಾರ್ಲಿನ್‌ನಲ್ಲಿ ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟು ಹೊರಬರುತ್ತದೆ, ಹಿಂದಿನಿಂದಲೇ ನೋಡಬಹುದು.

ಆಮೇಲೆ ಅಂಗಡಿಯವರ ಅನುಮತಿ ಪಡೆದು ಆರು ಡಮ್ಮಿ ತೋಟಾ ತುಂಬಿ ಲಿವರ್ ಆಡಿಸಿ. ಒಮ್ಮೆ ನಿಧಾನ, ಒಮ್ಮೆ ಜೋರು. ಮಾರ್ಲಿನ್‌ನಲ್ಲಿ ಲಿವರಿನ ಮೂಲೆ ಕ್ಯಾರಿಯರನ್ನು (ತೋಟಾ ಎತ್ತುವ ಲಿಫ್ಟರನ್ನು) ಸವೆಸಿದ್ದರೆ ಎರಡನೇ ತೋಟಾ ಕ್ಯಾರಿಯರಿನ ಕೆಳಗೆ ನುಸುಳಿ ಎಲ್ಲ ಬಿಗಿದುಕೊಳ್ಳುತ್ತದೆ. ‘ಮಾರ್ಲಿನ್ ಜಾಮ್’ ಅಂತಲೇ ಅದಕ್ಕೆ ಹೆಸರು. ರಿಪೇರಿ ಸಾಧ್ಯ, ಆದರೆ ಕೂತಲ್ಲೇ ಬೆಲೆ ಇಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗದು. ಹ್ಯಾಮರ್ ಅರ್ಧಕ್ಕೆ ನಿಲ್ಲುವ ಕಚ್ಚು (ಹಾಫ್ ಕಾಕ್) ಇರುವ ರೈಫಲಾದರೆ ಅಲ್ಲಿ ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಜಾರಿದರೆ ಆ ರೈಫಲ್ ರ‍್ಯಾಕಿಗೆ ವಾಪಸು.

ಕಡೆಯದಾಗಿ ಕಾನೂನು. ನಾನು ವಕೀಲನಲ್ಲ, ರಾಜ್ಯಕ್ಕೊಂದು ನಿಯಮ ಇದೆ. ಬೇರೆ ರಾಜ್ಯದವರೊಂದಿಗೆ ಅದಲುಬದಲು ಪರವಾನಗಿ ಇರುವ ಡೀಲರ್ ಮೂಲಕವೇ ನಡೆಯಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಒಂದೇ ರಾಜ್ಯದ ಇಬ್ಬರ ನಡುವೆಯೂ ಹಾಗೆಯೇ. ಎಚ್-1ಬಿ, ಎಚ್-4, ಎಫ್-1ನಂಥ ವೀಸಾದಲ್ಲಿ ಬಂದವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಹೋಗುತ್ತದೆ, ಹಸಿರು ಕಾರ್ಡಿನ ಅರ್ಜಿಯೂ ಅಪಾಯಕ್ಕೆ ಸಿಕ್ಕೀತು. ವಲಸೆ ವಕೀಲರನ್ನು ಕೇಳದೆ ಕೌಂಟರಿಗೆ ಹೋಗಬೇಡಿ. ಹಸಿರು ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ನಳಿಗೆ 16 ಇಂಚಿಗಿಂತ ಗಿಡ್ಡ ಇರುವ ‘ಟ್ರ್ಯಾಪರ್’ ಕಾರ್ಬೈನ್ ಯಾರಾದರೂ ತೋರಿಸಿದರೆ, ಅಷ್ಟು ಗಿಡ್ಡ ರೈಫಲಿಗೆ ಫೆಡರಲ್ ಕಟ್ಟುಪಾಡು ಇರುವುದರಿಂದ, ವಿನಾಯಿತಿಯ ಪತ್ರ ಕೇಳಿ. ಪತ್ರವಿಲ್ಲದಿದ್ದರೆ ಕೈಗೂ ತೆಗೆದುಕೊಳ್ಳಬೇಡಿ. ಪಿಸ್ತೂಲು ಕೈಬಿಟ್ಟ ದಿನದ ರಸೀದಿಯಲ್ಲಿ ಅದರ ಸೀರಿಯಲ್ ಬರೆಸಿಕೊಂಡು, ರೈಫಲಿನ ರಸೀದಿಯ ಜೊತೆಗೇ ಇಟ್ಟುಕೊಳ್ಳಿ.